ಬಿಳಿಚುಕ್ಕೆ ಮಾಯವಾದರೆ ರೋಗ ಹೋಯಿತೆಂದಲ್ಲ

ನನ್ನ ಉಪ್ಪುನೀರಿನ ತೊಟ್ಟಿಯ ನೀಲಿ ಟ್ಯಾಂಗ್ ಮೀನು ಕಲ್ಲಿಗೆ ಮೈ ಉಜ್ಜತೊಡಗಿದಾಗಲೇ ಅನುಮಾನ ಬಂದಿತ್ತು. ಮರುದಿನ ನೋಡಿದರೆ ರೆಕ್ಕೆಯ ಮೇಲೆ ಪುಡಿಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆಗಳು. ನಾಲ್ಕೈದು ದಿನದಲ್ಲಿ ಎಲ್ಲ ಮಾಯ! ವಾಸಿಯಾಯಿತೆಂದು ಸುಮ್ಮನಾದೆ. ಅಲ್ಲೇ ಎಡವಿದ್ದು.

ಇದು ಕ್ರಿಪ್ಟೊಕ್ಯಾರಿಯಾನ್ ಎಂಬ ಪರಾವಲಂಬಿ. ಮೀನಿನ ಚರ್ಮದಡಿ ಬೆಳೆದು, ಕಳಚಿ ಬಿದ್ದು, ಮರಳಿಗೋ ಕಲ್ಲಿಗೋ ಅಂಟಿಕೊಂಡು ಗಟ್ಟಿ ಕೋಶ ಕಟ್ಟುತ್ತದೆ. ಅದರೊಳಗೇ ಹಲವಾಗಿ ಒಡೆದು, ಮರಿಗಳು ಹೊರಬಂದು ಮತ್ತೆ ಮೀನನ್ನು ಹುಡುಕುತ್ತವೆ. ಎರಡನೇ ಸಲ ಚುಕ್ಕೆಗಳು ದುಪ್ಪಟ್ಟಾದವು, ಕಿವಿರುಗಳು ಪಟಪಟನೆ ಬಡಿಯುತ್ತಿದ್ದವು. ನೋಡಲಾಗಲಿಲ್ಲ.

ತಾಮ್ರದ ಔಷಧಿ ಕೆಲಸ ಮಾಡುತ್ತದೆ, ಆದರೆ ಹವಳ, ಸೀಗಡಿಗಳಿಗೆ ವಿಷ. ಮುಖ್ಯ ತೊಟ್ಟಿಗೆ ಹಾಕಲೇಬಾರದು. ನಾನು ತೊಟ್ಟಿ ಬದಲಿಸುವ ದಾರಿ ಹಿಡಿದೆ. ಎಲ್ಲ ಮೀನುಗಳನ್ನೂ ಮರಳು, ಕಲ್ಲು ಇಲ್ಲದ ಬರಿ ತೊಟ್ಟಿಗೆ ಬಿಟ್ಟೆ; ಅಡಗಿಕೊಳ್ಳಲು ಪಿವಿಸಿ ಪೈಪಿನ ತುಂಡುಗಳಷ್ಟೇ. ಕಳಚಿ ಬಿದ್ದ ಪರಾವಲಂಬಿ ಮರಿ ಬಿಡುವ ಮುನ್ನ, ಅಂದರೆ 72 ಗಂಟೆ ಮೀರುವ ಮೊದಲೇ ಇನ್ನೊಂದಕ್ಕೆ, ಹೀಗೆ 4 ಸಲ. ಪ್ರತಿ ಸಲವೂ ಅದೇ ತಾಪ, ಅದೇ ಲವಣಾಂಶದ ಹೊಸ ನೀರು. ಬಿಟ್ಟ ತೊಟ್ಟಿ, ಪೈಪು, ಬಲೆ ಎಲ್ಲವನ್ನೂ ತೊಳೆದು ಪೂರ್ತಿ ಒಣಗಿಸುತ್ತಿದ್ದೆ.

ಮೀನು ಸಿಗದೆ ಮರಿಗಳು ಸಾಯಲಿ ಎಂದು ಮುಖ್ಯ ತೊಟ್ಟಿಯನ್ನು 76 ದಿನ ಮೀನಿಲ್ಲದೆ ಬಿಟ್ಟೆ. ಕಾಯುವುದೇ ಕಷ್ಟದ ಕೆಲಸ.

ಈಗ ಹೊಸ ಮೀನು ಬಂದರೆ, ಎಷ್ಟೇ ಗೆಲುವಾಗಿರಲಿ, ಮೊದಲು ಪ್ರತ್ಯೇಕ ತೊಟ್ಟಿಗೇ.