‘ಅಟ್ ಫಿಲ್‌ಮೋರ್ ಈಸ್ಟ್’ ಪೂರ್ತಿ ಕೇಳೋರಿಗೆ

ಬ್ಲೂಸ್ ರಾಕ್, ಅಂದ್ರೆ ಅಮೆರಿಕದ ಕಪ್ಪುಜನರ ಬ್ಲೂಸ್ ಹಾಡಿಗೆ ರಾಕ್ ಬೆರೆತ ಸಂಗೀತ, ಎಲ್ಲಿಂದ ಶುರು ಮಾಡೋದು ಅಂತ ಕೇಳಿದ್ರೆ ನಾನು ಹೇಳೋದು ಅಮೆರಿಕದ ಆಲ್‌ಮನ್ ಬ್ರದರ್ಸ್ ಬ್ಯಾಂಡಿನ ಈ ಆಲ್ಬಂ. 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ಸಭಾಂಗಣದ ವೇದಿಕೆ ಮೇಲೆ ನುಡಿಸಿದ್ದು. ಏಳೇ ಹಾಡು, ಒಂದೂಕಾಲು ಗಂಟೆ. ಶಫಲ್ ಮಾತ್ರ ಹಾಕಬೇಡಿ.

ಎಲ್‌ಪಿಯಲ್ಲಿ, ಅಂದ್ರೆ ಹಳೇ ಗ್ರಾಮಫೋನ್ ತಟ್ಟೆಯಲ್ಲಿ, ಇದಕ್ಕೆ ನಾಲ್ಕು ಮುಖ. ಮೊಬೈಲಲ್ಲಿ ಕೇಳೋರೂ ಅದೇ ಲೆಕ್ಕ ಹಿಡೀರಿ: ಮೊದಲು ಮೂರು ಹಾಡು, ಆಮೇಲೆ ಒಂದು, ಆಮೇಲೆ ಎರಡು, ಕೊನೆಗೆ ಒಂದು. ನಡುವೆ ಎದ್ದು ನೀರು ಕುಡಿದು ಬನ್ನಿ.

ಹೆಡ್‌ಫೋನ್ ಇರಲಿ. ಎರಡು ಗಿಟಾರ್, ಇಬ್ಬರು ಡ್ರಮ್ಮರ್‌ಗಳು. ಸ್ಪೀಕರಲ್ಲಿ ಎಲ್ಲ ಕಲಸಿಹೋಗುತ್ತೆ. ಮೊದಲ ಹಾಡಲ್ಲಿ ಜಾರಿಕೊಂಡು ಬರುವ ಸ್ವರ ಬ್ಯಾಂಡಿನ ಗಿಟಾರ್ ವಾದಕ ಡುವೇನ್ ಆಲ್‌ಮನ್‌ದು. ಬೆರಳಿಗೆ ಮಾತ್ರೆಯ ಖಾಲಿ ಗಾಜಿನ ಶೀಶೆ ಸಿಕ್ಕಿಸಿ ತಂತಿ ಮೇಲೆ ಎಳೀತಿದ್ದ. ವೀಣೆಯ ಗಮಕ ಕೇಳಿ ಬೆಳೆದ ಕಿವಿಗೆ ಇದು ತಟ್ಟನೆ ಹತ್ತಿರವಾಗುತ್ತೆ.

ಕೊನೆಯ ‘ವಿಪ್ಪಿಂಗ್ ಪೋಸ್ಟ್’ 23 ನಿಮಿಷ. ಅದನ್ನು ರಾತ್ರಿಗೇ ಇಟ್ಕೊಳ್ಳಿ. ಬೇಸ್ ಗಿಟಾರ್ ಒಂಟಿಯಾಗಿ ಶುರುವಾಗುತ್ತಲ್ಲ, ಆಗ ತೊಡೆ ಮೇಲೆ ತಟ್ಟಿ: ತಕಿಟ ತಕಿಟ ತಕಿಟ ತಕ. ಎಣಿಸಿದ್ರೆ ಹನ್ನೊಂದು ಅಕ್ಷರ! ಹಾಡು ಆರಂಭವಾದ ಮೇಲೆ ನಡೆ ಬದಲಾಗುತ್ತೆ, ಆ ತಿರುವನ್ನು ಹಿಡಿಯಿರಿ. ನಡುವೆ ವಾದ್ಯಗಳು ತಗ್ಗಿ ಪಿಸುಗುಟ್ಟುವ ಹಂತಕ್ಕೆ ಬರುತ್ತವೆ. ಬೇಜಾರಾಯ್ತು ಅಂತ ಅಲ್ಲಿ ಮುಂದಕ್ಕೆ ಓಡಿಸಬೇಡಿ, ಕಾಯಿರಿ. ಆಲ್ಬಂ ಬಂದ ವರ್ಷವೇ ಅಕ್ಟೋಬರಲ್ಲಿ ಡುವೇನ್ ಬೈಕ್ ಅಪಘಾತದಲ್ಲಿ ತೀರಿಕೊಂಡ. ಆಗ ಅವನಿಗೆ ಬರೀ 24.