ಮನೆ ಕೆಲಸಕ್ಕೆ ಎಸಿ ವೆಲ್ಡಿಂಗ್ ಮಷೀನಾ, ಡಿಸಿನಾ? ನನ್ನ ಅನುಭವ

ಗೇಟು, ಕೊಟ್ಟಿಗೆಯ ಶೀಟಿನ ಮಾಡು, ತೋಟದ ಕೈಗಾಡಿ, ಇಂಥ ಕೆಲಸಕ್ಕೆ ಒಂದೇ ಮಷೀನ್ ತಗೊಳ್ಳುವುದಾದರೆ ಡಿಸಿ ಇನ್ವರ್ಟರ್ (ಮನೆ ಕರೆಂಟನ್ನು ಡಿಸಿ ಮಾಡಿ ಕೊಡುವ ಹಗುರ ವೆಲ್ಡಿಂಗ್ ಮಷೀನ್, ಬ್ಯಾಟರಿ ಇನ್ವರ್ಟರ್ ಅಲ್ಲ) ತಗೊಳ್ಳಿ. ನಾನು ಎರಡನ್ನೂ ವರ್ಷಗಟ್ಟಲೆ ಬಳಸಿದ್ದೇನೆ. ಆದರೆ ಹಳೇ ಎಸಿ ಟ್ರಾನ್ಸ್‌ಫಾರ್ಮರ್ ಮಷೀನನ್ನು ಗುಜರಿಗೆ ಹಾಕಿಲ್ಲ, ಹಾಕುವುದೂ ಇಲ್ಲ.

ನಮ್ಮ ಎಸಿ ಕರೆಂಟು 50 ಹರ್ಟ್ಸ್. ಅಂದರೆ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ, ಅಷ್ಟೂ ಸಲ ಆರ್ಕ್ (ವೆಲ್ಡಿಂಗ್ ರಾಡ್ ತುದಿಗೂ ಕಬ್ಬಿಣಕ್ಕೂ ನಡುವೆ ಉರಿಯುವ ಬೆಂಕಿ) ಮತ್ತೆ ಹೊತ್ತಿಕೊಳ್ಳಬೇಕು. ಅದಕ್ಕೇ ಎಸಿಯಲ್ಲಿ ಆಂಪ್ (ಕರೆಂಟಿನ ಪ್ರಮಾಣ) ಸ್ವಲ್ಪ ಕಮ್ಮಿ ಇಟ್ಟರೂ ರಾಡ್ ಅಂಟಿಕೊಳ್ಳುತ್ತದೆ, ಕಿಡಿಯೂ ಜಾಸ್ತಿ. ಹೊಸಬರು ಇಲ್ಲೇ ಬೇಜಾರಾಗಿ ಕೈಬಿಡುವುದು. ಡಿಸಿಯಲ್ಲಿ ಕರೆಂಟು ಒಂದೇ ಕಡೆ ಹರಿಯುತ್ತಿರುತ್ತದೆ, ಆರ್ಕ್ ಮೆತ್ತಗೆ ನಿಲ್ಲುತ್ತದೆ.

ನಿಜವಾದ ವ್ಯತ್ಯಾಸ ಗೊತ್ತಾಗುವುದು ತೆಳು ಪೈಪಿನಲ್ಲಿ. ಗೇಟಿಗೆ ಹಾಕುವ 16 ಗೇಜ್ ಸ್ಕ್ವೇರ್ ಪೈಪಿನ ದಪ್ಪ ಬರೀ 1.6 ಮಿ.ಮೀ. ಅಲ್ವಾ, ಎಸಿಯಲ್ಲಿ ರಾಡ್ ಅಂಟಬಾರದು ಅಂತ ಆಂಪ್ ಏರಿಸಿದರೆ ಪೈಪು ತೂತು ಬೀಳುತ್ತದೆ. ಡಿಸಿಯಲ್ಲಿ ನಾನು ರಾಡ್ ಸಿಕ್ಕಿಸುವ ಹೋಲ್ಡರನ್ನು ಮೈನಸ್‌ಗೆ, ಕಬ್ಬಿಣಕ್ಕೆ ಕಚ್ಚಿಸುವ ಅರ್ಥ್ ಕ್ಲಾಂಪನ್ನು ಪ್ಲಸ್‌ಗೆ ಹಾಕುತ್ತೇನೆ. ಹೀಗೆ ಹಾಕಿದರೆ ಆರ್ಕ್ ಆಳಕ್ಕೆ ಇಳಿಯುವುದು ಕಮ್ಮಿ. 2.5 ಮಿ.ಮೀ.ನ 6013 ರಾಡ್ (6013 ಅನ್ನುವುದು ರಾಡಿನ ಜಾತಿಯ ನಂಬರ್), 55ರಿಂದ 60 ಆಂಪ್. ಒಂದೇ ಉಸಿರಿಗೆ ಎಳೆಯಬೇಡಿ. ಒಂದು ಸೆಂ.ಮೀ. ಹಾಕಿ, ನಿಲ್ಲಿಸಿ, ಕಪ್ಪು ಗಾಜಿನಲ್ಲಿ ಕಾಣುವ ಕೆಂಪು ಆರುವವರೆಗೆ ಕಾದು ಮುಂದಿನದು ಹಾಕಿ. ಪೈಪು ಕತ್ತರಿಸುವಾಗಲೇ ಸಂದು ಇಲ್ಲದ ಹಾಗೆ ಕೂರಿಸಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

5-6 ಮಿ.ಮೀ. ಆಂಗಲ್‌ಗೆ ಬಂದರೆ ಉಲ್ಟಾ. ಹೋಲ್ಡರ್ ಪ್ಲಸ್‌ಗೆ, ಅಂಗಡಿಯಲ್ಲಿ 10 ನಂಬರ್ ಅನ್ನುವ 3.15 ಮಿ.ಮೀ. ರಾಡ್, 100ರಿಂದ 120 ಆಂಪ್. 7018 ಅನ್ನುವ ಇನ್ನೊಂದು ಜಾತಿಯ ರಾಡ್ ಕೂಡ ಹೋಲ್ಡರ್ ಪ್ಲಸ್‌ನಲ್ಲಿದ್ದಾಗಲೇ ಚೆನ್ನಾಗಿ ಉರಿಯುತ್ತದೆ, ಆದರೆ ಅದನ್ನು ತೇವ ತಾಗದ ಹಾಗೆ ಇಡಬೇಕು, ತೇವ ಹಿಡಿದರೆ ಒಣಗಿಸುವ ಒಲೆ ಬೇಕು. ಮನೆ ಕೆಲಸಕ್ಕೆ 6013 ಧಾರಾಳ ಸಾಕು.

ಈಗ ಡಿಸಿಯ ತಕರಾರು. ದಪ್ಪ ಕಬ್ಬಿಣದ ಮೂಲೆಗೆ ಬಂದಾಗ, ಅದರಲ್ಲೂ ಆಂಪ್ ಜಾಸ್ತಿ ಇದ್ದರೆ, ಆರ್ಕ್ ಇದ್ದಕ್ಕಿದ್ದಂತೆ ಒಂದು ಕಡೆ ವಾಲುತ್ತದೆ, ಗಾಳಿಗೆ ದೀಪದ ಕುಡಿ ವಾಲುವ ಹಾಗೆ. ಇದಕ್ಕೆ ಆರ್ಕ್ ಬ್ಲೋ ಅನ್ನುತ್ತಾರೆ. ಒಂದೇ ಕಡೆ ಹರಿಯುವ ಕರೆಂಟಿನಿಂದ ಹುಟ್ಟುವ ಅಯಸ್ಕಾಂತದ ಬಲ ಮೂಲೆಯಲ್ಲಿ ಒತ್ತಾಗಿ ಆರ್ಕನ್ನು ತಳ್ಳುತ್ತದೆ. ಕರಗಿದ ಸ್ಲ್ಯಾಗ್ (ರಾಡಿನ ಲೇಪದಿಂದ ಬರುವ ಕಿಟ್ಟ) ಮುಂದಕ್ಕೆ ಓಡಿ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ, ಚಿಪ್ಪಿಂಗ್ ಹ್ಯಾಮರ್‌ನಲ್ಲಿ ತಟ್ಟಿದರೆ ಅಲ್ಲಿ ಗುಳಿ. ಆಗ ನಾನು ಅರ್ಥ್ ಕ್ಲಾಂಪ್‌ನ ಜಾಗ ಬದಲಿಸುತ್ತೇನೆ, ಆರ್ಕ್ ಗಿಡ್ಡ ಹಿಡಿಯುತ್ತೇನೆ, ಐದತ್ತು ಆಂಪ್ ಇಳಿಸುತ್ತೇನೆ. ಆದರೂ ಬಗ್ಗದಿದ್ದರೆ ಆ ಜಾಯಿಂಟನ್ನು ಹಳೇ ಎಸಿ ಮಷೀನಿಗೇ ಬಿಡುತ್ತೇನೆ. ಅದರಲ್ಲಿ ಕರೆಂಟಿನ ದಿಕ್ಕು ಬದಲಾಗುತ್ತಲೇ ಇರುವುದರಿಂದ ಈ ಕಾಟ ತುಂಬಾ ಕಮ್ಮಿ.

ಕರೆಂಟಿನ ವಿಷಯದಲ್ಲಿ ಇನ್ವರ್ಟರ್ ಮೇಲು. 80-90 ಆಂಪ್‌ವರೆಗಿನ ಕೆಲಸ ಒಳ್ಳೆ ವೈರಿಂಗ್ ಇರುವ 16 ಆಂಪ್ ಸಾಕೆಟ್‌ನಲ್ಲಿ ಬಿಟ್ಟು ಬಿಟ್ಟು ಮಾಡಬಹುದು. ಹೆಗಲಿಗೆ ನೇತುಹಾಕಿಕೊಂಡು ತೋಟಕ್ಕೂ ಒಯ್ಯಬಹುದು. ಹಳೇದನ್ನು ಅಲ್ಲಾಡಿಸಲೂ ಇಬ್ಬರು ಬೇಕು. ಆದರೆ ಸಂಜೆ ಹಳ್ಳಿಯಲ್ಲಿ ವೋಲ್ಟೇಜ್ ಬಿದ್ದರೆ ಇನ್ವರ್ಟರ್ ಸುಮ್ನೆ ಆಫ್ ಆಗುತ್ತದೆ, ಹಳೇದು ಮಂಕಾಗಿಯಾದರೂ ಓಡುತ್ತದೆ. ಎಕ್ಸ್‌ಟೆನ್ಶನ್ ವೈರ್ ಬೇಕಾದರೆ 4 ಚದರ ಮಿ.ಮೀ.ಗಿಂತ ತೆಳುವಾದದ್ದು ಬೇಡ, ಸುರುಳಿ ಪೂರ್ತಿ ಬಿಚ್ಚಿ ಹಾಕಿ.

ಮಳೆಗಾಲದಲ್ಲಿ ಒದ್ದೆ ಗ್ಲೌಸ್ ಹಾಕಿಕೊಂಡು ಎರಡರಲ್ಲಿ ಯಾವ ಮಷೀನನ್ನೂ ಮುಟ್ಟಬೇಡಿ. ಶಾಕ್‌ಗೆ ಎಸಿ ಇನ್ನೂ ಅಪಾಯ. ಜಿಐ ಪೈಪಾದರೆ ವೆಲ್ಡ್ ಮಾಡುವ ಜಾಗದ ಸತುವಿನ ಪದರ ಉಜ್ಜಿ ತೆಗೆಯಿರಿ. ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ.

ಇನ್ವರ್ಟರ್ ಬೇಗ ಹಾಳಾಗುವುದು ಗ್ರೈಂಡರ್ ಧೂಳಿನಿಂದ. ಒಳಗಿನ ಫ್ಯಾನ್ ಕಬ್ಬಿಣದ ಪುಡಿಯನ್ನು ಎಳೆದುಕೊಂಡು ಬೋರ್ಡ್ ಮೇಲೆ ಕೂರಿಸುತ್ತದೆ, ಆಮೇಲೆ ಶಾರ್ಟ್. ಗ್ರೈಂಡಿಂಗ್ ಮಾಡುವಾಗ ಮಷೀನನ್ನು ದೂರ ಇಡಿ. ಆಗಾಗ ಬ್ಲೋವರ್ ಹಿಡಿಯಿರಿ, ಅದೂ ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು, ಯಾಕೆಂದರೆ ಕೆಪಾಸಿಟರ್‌ಗಳಲ್ಲಿ ಕರೆಂಟು ಉಳಿದಿರುತ್ತದೆ.