ಸ್ಟೇಷನ್ನಿಗೆ ಬೆನ್ನು ಹಾಕಿ ಕೆಲಸ ಹುಡುಕಿದ್ದು

2021ರಲ್ಲಿ ನನ್ನ ಟಿ.ವೈ. ಬಿ.ಕಾಂ., ಅಂದರೆ ಬಿ.ಕಾಂ.ನ ಮೂರನೇ ವರ್ಷ ಮುಗಿಯಿತು. ಕೊನೆಯ ಪರೀಕ್ಷೆ ಬರೆದದ್ದು ನಮ್ಮ ಅಡುಗೆಕೋಣೆಯಲ್ಲಿ, ಅಪ್ಪನ ಮೊಬೈಲಿನಲ್ಲಿ. ಸರಿ ಉತ್ತರದ ಮೇಲೆ ಬೆರಳು ಒತ್ತುವ ಪರೀಕ್ಷೆ. ಒಳ್ಳೆಯ ಮಾರ್ಕ್ಸೇ ಬಂತು. ಮೊದಲನೇ ಇಂಟರ್‌ವ್ಯೂನಲ್ಲಿ ಎದುರಿಗೆ ಕೂತವರು ಮಾರ್ಕ್ಸ್‌ಕಾರ್ಡ್ ನೋಡಿ, "ಆನ್‌ಲೈನ್ ಬ್ಯಾಚಾ?" ಎಂದು ಕೇಳಿ ಅದನ್ನು ವಾಪಸ್ ಕೊಟ್ಟರು. ಮುಂದೆ ಏನೂ ಕೇಳಲಿಲ್ಲ.

ನಮ್ಮ ಮನೆ ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ. ಅಪ್ಪ ಕುಂದಾಪುರ ಕಡೆಯವರು. ಹುಡುಗನಾಗಿದ್ದಾಗಲೇ ಮುಂಬೈಗೆ ಬಂದರು. ಹಗಲು ಹೋಟೆಲ್ ಕೆಲಸ, ರಾತ್ರಿ ಫೋರ್ಟಿನ ಕನ್ನಡ ನೈಟ್ ಸ್ಕೂಲು. ಹಾಗೆ ಎಸ್.ಎಸ್.ಸಿ. ಮುಗಿಸಿ ಡೊಂಬಿವಲಿ ಎಂಐಡಿಸಿಯ (ಮಹಾರಾಷ್ಟ್ರ ಸರಕಾರದ ಕೈಗಾರಿಕಾ ನಿಗಮ ಮಾಡಿದ ಕಾರ್ಖಾನೆಗಳ ಪ್ರದೇಶ) ಒಂದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಸ್ಟೋರ್ಸ್ ಕ್ಲಾರ್ಕ್ ಆದರು. ಅಲ್ಲೇ ಇಪ್ಪತ್ತಾರು ವರ್ಷ. 2020ರ ಲಾಕ್‌ಡೌನಿಗೆ ಮುಚ್ಚಿದ ಆ ಗೇಟು ಮತ್ತೆ ತೆರೆಯಲಿಲ್ಲ. ಲೆಕ್ಕ ಚುಕ್ತಾ ಆಗಲು ಒಂದು ವರ್ಷ ಹಿಡಿಯಿತು. ನಾನು ಕೆಲಸ ಹುಡುಕಲು ಶುರು ಮಾಡಿದಾಗ ಅಪ್ಪನೂ ಮನೆಯಲ್ಲೇ ಇದ್ದರು. ಬೆಳಿಗ್ಗೆ ಇಬ್ಬರೂ ಒಂದೇ ಟೇಬಲಿನಲ್ಲಿ ಕೂತು ಚಹಾ ಕುಡಿಯುತ್ತಿದ್ದೆವು. ಇಬ್ಬರಿಗೂ ಹೋಗಲು ಜಾಗ ಇರಲಿಲ್ಲ. ಆ ದಿನಗಳನ್ನು ನೆನೆಸಿಕೊಂಡರೆ ಈಗಲೂ ಗಂಟಲು ಬಿಗಿಯುತ್ತದೆ.

ಮೊದಲ ಆರು ತಿಂಗಳು ಎಲ್ಲರೂ ಮಾಡುವುದನ್ನೇ ಮಾಡಿದೆ. ಆ್ಯಪ್‌ಗಳಲ್ಲಿ ಬಯೋಡಾಟಾ ಹಾಕುವುದು, ಫೋನ್ ಕಾಯುವುದು. ಥಾಣೆಯ ಒಂದು ಕನ್ಸಲ್ಟೆನ್ಸಿಯವರು ರಿಜಿಸ್ಟ್ರೇಷನ್ ಎಂದು 1,500 ರೂಪಾಯಿ ತೆಗೆದುಕೊಂಡು ಮತ್ತೆ ಫೋನ್ ಎತ್ತಲಿಲ್ಲ. ಇದನ್ನು ಓದುವ ಹುಡುಗ ಹುಡುಗಿಯರಿಗೆ ಕೈ ಮುಗಿದು ಹೇಳುತ್ತೇನೆ, ಕೆಲಸ ಕೊಡಿಸಲು ಮೊದಲೇ ದುಡ್ಡು ಕೇಳುವವರ ಹತ್ತಿರ ಹೋಗಬೇಡಿ. ಆ ದುಡ್ಡು ಅಮ್ಮ ಹಪ್ಪಳ ಮಾರಿ ಕೂಡಿಸಿದ್ದು.

ಆಮೇಲೆ ಲೋವರ್ ಪರೇಲಿನಲ್ಲಿ ಕೆಲಸ ಸಿಕ್ಕಿತು. ಇನ್ಶೂರೆನ್ಸ್ ಫಾರಂಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸ, ತಿಂಗಳಿಗೆ 12,000. ಆಫೀಸು ಇದ್ದದ್ದು ಹಳೆಯ ಬಟ್ಟೆ ಗಿರಣಿಯ ಜಾಗದಲ್ಲಿ. ನನ್ನ ದೊಡ್ಡಪ್ಪ ಆ ಕಡೆಯ ಒಂದು ಗಿರಣಿಯಲ್ಲೇ ಇದ್ದವರು. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತ್ ಅವರ ಮುಂದಾಳತ್ವದಲ್ಲಿ ಮುಷ್ಕರ ಶುರುವಾದಾಗ ಹೊರಗೆ ಬಂದ ಎರಡೂವರೆ ಲಕ್ಷದಷ್ಟು ಕಾರ್ಮಿಕರಲ್ಲಿ ಅವರೂ ಒಬ್ಬರು. ವರ್ಷ ಕಾದು ಊರಿಗೆ ಹೋದವರು ತಿರುಗಿ ಬರಲಿಲ್ಲ. ಹಳೆಯ ಚಿಮಣಿಯ ಕೆಳಗೆ ಗಾಜಿನ ಕಟ್ಟಡದೊಳಗೆ ಹೋಗುವಾಗ ದಿನಾ ಅವರ ನೆನಪಾಗುತ್ತಿತ್ತು.

ನಾಲ್ಕು ತಿಂಗಳು ಹೋದೆ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ರಾತ್ರಿ ಒಂಬತ್ತು. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಟ್ರೇನು ಹಿಡಿದು ದಾದರಿನಲ್ಲಿ ಇಳಿದು, ಸ್ಲೋ ಹಿಡಿದು ಕರೀ ರೋಡಿಗೆ ಹೋಗಿ, ಅಲ್ಲಿಂದ ನಡಿಗೆ. ಡೊಂಬಿವಲಿಯಲ್ಲಿ ಫಾಸ್ಟ್ ಬರುವಾಗಲೇ ಕಲ್ಯಾಣ್ ಕಡೆಯಿಂದ ತುಂಬಿರುತ್ತದೆ. ಒಂದು ದಿನ ಲೇಡೀಸ್ ಡಬ್ಬಿಯ ಬಾಗಿಲಲ್ಲಿ ನನ್ನ ಬ್ಯಾಗು ಹೊರಗೆ, ನಾನು ಅರ್ಧ ಒಳಗೆ. ದಿವಾ ದಾಟುವವರೆಗೆ ಒಬ್ಬ ಅಕ್ಕ ನನ್ನ ದುಪಟ್ಟಾ ಹಿಡಿದುಕೊಂಡಿದ್ದಳು. ಅವಳ ಹೆಸರೂ ನನಗೆ ಗೊತ್ತಿಲ್ಲ. ಆ ತಿಂಗಳ ಕೊನೆಗೆ ಕೆಲಸ ಬಿಟ್ಟೆ. ಅಮ್ಮ ಬೇಜಾರು ಮಾಡಿಕೊಂಡಳು. ಅಪ್ಪ ಮಾತ್ರ, "ಬಿಟ್ಟದ್ದು ಒಳ್ಳೇದಾಯ್ತು ಮಗಾ" ಎಂದರು.

ಡೊಂಬಿವಲಿಯಲ್ಲಿ ಬೆಳೆದವರಿಗೆ ಕೆಲಸ ಎಂದರೆ ಟ್ರೇನು. ಬೆಳಿಗ್ಗೆ ಊರಿಗೆ ಊರೇ ಸ್ಟೇಷನ್ ಕಡೆ ನಡೆಯುತ್ತದೆ. ಇನ್ನೊಂದು ಕಡೆಗೆ, ಎಂಐಡಿಸಿ ಕಡೆಗೆ ಹೋಗುವವರು ಕಾರ್ಖಾನೆಯ ಕೂಲಿಗಳು ಮಾತ್ರ ಎಂದು ನನ್ನ ಓರಗೆಯವರೆಲ್ಲ ತಿಳಿದಿದ್ದೆವು. ಮೇಲಾಗಿ ಅದು ಮುಳುಗುತ್ತಿರುವ ಜಾಗ. ಎಂಐಡಿಸಿ 1962ರಲ್ಲಿ ಥಾಣೆಯ ವಾಗ್ಳೆ ಎಸ್ಟೇಟಿನಿಂದ ಶುರುವಾದದ್ದು. ಡೊಂಬಿವಲಿಯದ್ದು ಅದರ ಬೆನ್ನಿಗೇ ಬಂತು, ಅರವತ್ತರ ದಶಕದಲ್ಲೇ. ವಾಗ್ಳೆ ಎಸ್ಟೇಟಿನ ಎಷ್ಟೋ ಶೆಡ್ಡುಗಳ ಜಾಗದಲ್ಲಿ ಈಗ ಐಟಿ ಕಟ್ಟಡಗಳಿವೆ. ನಮ್ಮಲ್ಲಿ ಹಾಗೆ ಆಗಲಿಲ್ಲ. ಒಂದೊಂದೇ ಗೇಟಿಗೆ ಬೀಗ ಬಿತ್ತು. ಶಿಳ್ ರೋಡಿನುದ್ದಕ್ಕೂ ಟವರುಗಳು ಎದ್ದವು. ಆ ಟವರುಗಳಲ್ಲಿ ಇರುವವರೂ ಬೆಳಿಗ್ಗೆ ಊರು ಬಿಟ್ಟೇ ಹೋಗುವವರು. ಘರಡಾ ಸರ್ಕಲ್ ಹತ್ತಿರ ಅಪ್ಪ ಮೂರು ಹೊತ್ತೂ ಚಹಾ ಕುಡಿಯುತ್ತಿದ್ದ ನಮ್ಮೂರಿನವರ ಹೋಟೆಲು ಶಿಫ್ಟಿನ ಜನ ಇಲ್ಲದೆ ಮುಚ್ಚಿತು.

ಆದರೆ ಎಲ್ಲ ಗೇಟಿಗೂ ಬೀಗ ಬಿದ್ದಿರಲಿಲ್ಲ. ಅದನ್ನು ನನಗೆ ತೋರಿಸಿದ್ದು ಅಪ್ಪ. ಒಂದು ಸಂಜೆ ಹಳೆಯ ಕಾಲನಿರ್ಣಯ ಕ್ಯಾಲೆಂಡರಿನ ಹಾಳೆ ತಿರುಗಿಸಿ, ಅದರ ಬೆನ್ನಿಗೆ ಎಂಐಡಿಸಿಯ ನಕ್ಷೆ ಬರೆದರು. ಫೇಸ್ ಒಂದು, ಫೇಸ್ ಎರಡು, ಒಂದೊಂದು ಗಲ್ಲಿ, ಒಂದೊಂದು ಗೇಟು. ಮುಚ್ಚಿದವಕ್ಕೆ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದರು. ತಮ್ಮ ಕಾರ್ಖಾನೆಗೆ ಗೆರೆ ಎಳೆಯುವಾಗ ಸ್ವಲ್ಪ ಹೊತ್ತು ಪೆನ್ನು ಹಿಡಿದು ಸುಮ್ನೆ ಕೂತರು. ಎಣಿಸಿದರೆ ಗೆರೆ ಇಲ್ಲದವೇ ಜಾಸ್ತಿ ಇದ್ದವು. "ಇಷ್ಟೂ ಕಡೆ ಲೆಕ್ಕ ಬರೆಯುವವರು ಬೇಕಲ್ಲ?" ಎಂದರು.

ಆ ಹಾಳೆ ಹಿಡಿದು ಹೊರಟೆ. ಮೊದಲ ಸಲ ಹೋದದ್ದು ಶುಕ್ರವಾರ. ನಮ್ಮ ಎಂಐಡಿಸಿಯ ಅನೇಕ ಕಾರ್ಖಾನೆಗಳಿಗೆ ವಾರದ ರಜೆ ಶುಕ್ರವಾರ. ಮನೆಯಲ್ಲೇ ಅಪ್ಪನಿಗೆ ಅಷ್ಟು ವರ್ಷ ಶುಕ್ರವಾರ ರಜೆ ಇದ್ದರೂ ನನಗೆ ಹೊಳೆದಿರಲಿಲ್ಲ. ಎರಡನೇ ಸಲ ಹೋದದ್ದು 19ನೇ ತಾರೀಕು. ಗೇಟು ಕಾಯುವ ಕಾಕಾಗಳು ಒಳಗೆ ಬಿಟ್ಟರು, ಆದರೆ ಅಕೌಂಟ್ಸಿನವರು ತಲೆ ಎತ್ತಲಿಲ್ಲ. ಮರುದಿನ ತಿಂಗಳ ಟ್ಯಾಕ್ಸ್ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ತುಂಬುವ ಕೊನೆಯ ದಿನ. ಒಬ್ಬ ಹಿರಿಯ ಅಕೌಂಟೆಂಟ್ ಮಾತ್ರ "ಬಸ ಬಾಳಾ" (ಕೂತ್ಕೋ ಮಗಾ) ಎಂದು ಕುರ್ಚಿ ತೋರಿಸಿ, ಒಂದೇ ಪ್ರಶ್ನೆ ಕೇಳಿದರು. "2ಬಿ ಮ್ಯಾಚ್ ಮಾಡಲು ಬರುತ್ತದಾ?" ನನಗೆ 2ಬಿ ಎಂದರೆ ಏನೆಂದೇ ಗೊತ್ತಿರಲಿಲ್ಲ. ಮೂರು ವರ್ಷ ಕಾಮರ್ಸ್ ಓದಿದ್ದೆ. ಒಂದು ರಿಟರ್ನ್ ಕಣ್ಣಿಂದ ನೋಡಿರಲಿಲ್ಲ.

ಆ ಪ್ರಶ್ನೆಯೇ ನನಗೆ ದಾರಿ ಮಾಡಿಕೊಟ್ಟಿತು. ಮನೆ ಹತ್ತಿರದ ಒಬ್ಬ ಸಿಎಯ (ಚಾರ್ಟರ್ಡ್ ಅಕೌಂಟೆಂಟ್) ಆಫೀಸಿನಲ್ಲಿ ತಿಂಗಳಿಗೆ 7,000ಕ್ಕೆ ಸೇರಿದೆ. ಲೋವರ್ ಪರೇಲಿಗಿಂತ 5,000 ಕಡಿಮೆ. ಆದರೆ ಟ್ರೇನ್ ಪಾಸಿಲ್ಲ, ಹೊರಗಿನ ಊಟವಿಲ್ಲ, ದಿನಕ್ಕೆ ಐದು ಗಂಟೆ ಉಳಿಯಿತು. ಒಂಬತ್ತು ತಿಂಗಳು ಅಲ್ಲಿದ್ದೆ. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಅಲ್ಲೇ ಕೈಗೆ ಬಂತು. ಕ್ಲಾಸಿಗೆ ಹೋಗಿ ಕಲಿಯುವ ಟ್ಯಾಲಿ ಬೇರೆ, ಒದ್ದೆಯಾದ ಬಿಲ್ಲು, ಹರಿದ ಬಿಲ್ಲು, ಎರಡು ಸಲ ಬಂದ ಒಂದೇ ಬಿಲ್ಲು ಇಟ್ಟುಕೊಂಡು ಕಲಿಯುವ ಟ್ಯಾಲಿ ಬೇರೆ.

2ಬಿ ಅಂದರೆ ಇಷ್ಟೇ. ನಮಗೆ ಮಾಲು ಕೊಟ್ಟವರು ತಮ್ಮ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ಯಾವ ಯಾವ ಬಿಲ್ಲು ತೋರಿಸಿದ್ದಾರೆ ಎನ್ನುವ ಪಟ್ಟಿ. ಅದು ಪ್ರತಿ ತಿಂಗಳು 14ಕ್ಕೆ ಬರುತ್ತದೆ. ನಮ್ಮ ಖರೀದಿ ಪುಸ್ತಕವನ್ನು ಅದಕ್ಕೆ ಹೋಲಿಸಬೇಕು. 2022ರ ಜನವರಿಯಿಂದ ಕಾನೂನು ಬಿಗಿಯಾಯಿತು. ಮಾಲು ಕೊಟ್ಟವರು ಬಿಲ್ಲು ತೋರಿಸದಿದ್ದರೆ, ನಾವು ಅವರಿಗೆ ತೆತ್ತ ಟ್ಯಾಕ್ಸಿನ ಕ್ರೆಡಿಟ್, ಅಂದರೆ ಅದನ್ನು ನಮ್ಮ ಟ್ಯಾಕ್ಸಿನಲ್ಲಿ ಕಳೆಯುವ ಅವಕಾಶ, ನಮಗೆ ಸಿಗುವುದಿಲ್ಲ. ದೊಡ್ಡ ಕಂಪನಿಗಳಲ್ಲಿ ಇದಕ್ಕೆ ಸಾಫ್ಟ್‌ವೇರ್, ದೊಡ್ಡ ಟೀಮು ಎಲ್ಲ ಇರುತ್ತದೆ. ಮೂವತ್ತು ನಲವತ್ತು ಜನರ ಕಾರ್ಖಾನೆಯಲ್ಲಿ ಒಬ್ಬ ವಯಸ್ಸಾದ ಅಕೌಂಟೆಂಟ್ ಇರುತ್ತಾರೆ. ಅವರಿಗೆ ಕಣ್ಣು ನೋವು, ಮಾಲೀಕನಿಗೆ ದುಡ್ಡು ಹೋಗುವ ಹೆದರಿಕೆ. ನನ್ನಂಥವಳಿಗೆ ಜಾಗ ಇದ್ದದ್ದು ಅಲ್ಲಿ.

ಇನ್ನೊಂದು ವಿಷಯವನ್ನು ಸಿಎ ಆಫೀಸು ಕಲಿಸಿತು. ತಿಂಗಳ ಲಯ. 7ಕ್ಕೆ ಟಿಡಿಎಸ್ (ದುಡ್ಡು ಕೊಡುವಾಗ ಹಿಡಿದ ಟ್ಯಾಕ್ಸ್) ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಕೆಲಸಗಾರರ ಪಿಎಫ್ (ಭವಿಷ್ಯ ನಿಧಿ) ಮತ್ತು ಇಎಸ್ಐ (ಆರೋಗ್ಯ ವಿಮೆ), 20ಕ್ಕೆ 3ಬಿ. ಅಂದರೆ ಅಕೌಂಟ್ಸಿನವರು ಉಸಿರು ಬಿಡುವುದು 22ರಿಂದ 28ರ ನಡುವೆ. ಕೆಲಸ ಕೇಳಲು ಹೋಗಬೇಕಾದದ್ದು ಆಗ. ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡೂವರೆ ಒಳಗೆ. ಮಧ್ಯಾಹ್ನದ ಮೇಲೆ ಮಾಲು ಲೋಡಾಗುತ್ತದೆ, ಬಿಲ್ಲಿಗಾಗಿ ಡ್ರೈವರುಗಳು ಬಾಗಿಲಲ್ಲಿ ನಿಂತಿರುತ್ತಾರೆ. ಮಾರ್ಚ್ ಕೊನೆಗಂತೂ ಯಾರ ಹತ್ತಿರವೂ ಹೋಗಬಾರದು.

2023ರ ಫೆಬ್ರವರಿ 22ಕ್ಕೆ ಮತ್ತೆ ಹೊರಟೆ. ಅದೇ ಹಾಳೆ. ಬಯೋಡಾಟಾ ಒಂದೇ ಪುಟ. ಮೇಲೆ ಡಿಗ್ರಿ ಬರೆಯಲಿಲ್ಲ. "2ಬಿ ಹೋಲಿಕೆ, ಜಿಎಸ್‌ಟಿ ರಿಟರ್ನ್, ಇ-ವೇ ಬಿಲ್, ಟ್ಯಾಲಿ" ಎಂದು ಮೊದಲನೇ ಸಾಲಿನಲ್ಲೇ ಬರೆದೆ. ಗೇಟಿನಲ್ಲಿ "ಕೆಲಸ ಇದೆಯಾ" ಎಂದು ಕೇಳಲಿಲ್ಲ, "ಅಕೌಂಟ್ಸಿನ ಸಾಹೇಬರನ್ನು ಎರಡು ನಿಮಿಷ ಕಾಣಬೇಕು" ಎಂದೆ. ಈ ಮಾತನ್ನು ಹೇಳಿಕೊಟ್ಟವರೂ ಅಪ್ಪ. ಗೇಟಿನವರಿಗೆ ಕೆಲಸ ಇದೆಯೋ ಇಲ್ಲವೋ ಗೊತ್ತಿರುವುದಿಲ್ಲ, ಕೇಳಿದರೆ ಇಲ್ಲ ಎಂದೇ ಹೇಳುತ್ತಾರೆ. ಎಷ್ಟೋ ಕಡೆ ಗೇಟಿನ ಕಾಕಾ ಅಪ್ಪನ ಹೆಸರು ಕೇಳಿದ ಕೂಡಲೇ ನೀರು ಕೊಟ್ಟು ಕೂರಿಸಿದರು.

ಐದು ದಿನದಲ್ಲಿ ನಲವತ್ತೊಂದು ಗೇಟು. ಹದಿನೇಳು ಕಡೆ ಒಳಗೆ ಬಿಟ್ಟರು. ಆರು ಕಡೆ ಮಾತಾಡಿಸಿದರು. ಎರಡು ಕಡೆ ಕೆಲಸ ಕೊಟ್ಟು ನೋಡಿದರು. ಒಂದರಲ್ಲಿ ಈಗ ಇದ್ದೇನೆ. ಅದು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆ. ಅಲ್ಲಿ ನಾನೇ ಕೇಳಿದೆ, "ಒಂದು ತಿಂಗಳ 2ಬಿ ಕೊಡಿ, ಮಾಡಿ ತೋರಿಸುತ್ತೇನೆ." ಸಂಜೆಯೊಳಗೆ ಮೂವರು ಸಪ್ಲೈಯರುಗಳ ಬಿಲ್ಲು ಅದರಲ್ಲಿ ಇಲ್ಲದ್ದು ಸಿಕ್ಕಿತು. ಮಾಲೀಕರು ನನ್ನ ಎದುರಿಗೇ ಆ ಮೂವರಿಗೂ ಫೋನ್ ಮಾಡಿದರು. ಏಪ್ರಿಲ್ 1ರಿಂದ ಬರಲು ಹೇಳಿದರು. 16,000.

ಸಂಬಳದ ಮಾತು ಮುಗಿದ ಮೇಲೆ ಪಿಎಫ್, ಇಎಸ್ಐ ಬಗ್ಗೆ ಕೇಳಿದೆ. ಕೇಳಲು ನಾಚಿಕೆ ಬೇಡ. ಇಪ್ಪತ್ತು ಜನರಿರುವ ಜಾಗದಲ್ಲಿ ಪಿಎಫ್, ಹತ್ತು ಜನರಿರುವ ಜಾಗದಲ್ಲಿ ಇಎಸ್ಐ ಕಾನೂನು. ಸಂಬಳ 21,000 ದಾಟದವರಿಂದ ಇಎಸ್ಐಗೆ ಹಿಡಿಯುವುದು ನೂರಕ್ಕೆ 75 ಪೈಸೆ. ಅಷ್ಟಕ್ಕೆ ಅಪ್ಪ ಅಮ್ಮನ ಔಷಧಿಯೂ ಬರುತ್ತದೆ. ಅಪ್ಪನ ಕಾರ್ಖಾನೆ ಮುಚ್ಚಿದಾಗ ಮನೆ ನಡೆದದ್ದೇ ಅವರ ಪಿಎಫ್ ದುಡ್ಡಿನಲ್ಲಿ. ಹಾಗಾಗಿ ಇದನ್ನು ಕೇಳದೆ ನಾನು ಕೂರುತ್ತಿರಲಿಲ್ಲ.

ನಮ್ಮ ಕಾರ್ಖಾನೆ ಯಾಕೆ ಉಳಿದಿದೆ ಎಂದರೆ, ಪಕ್ಕದ ಭಿವಂಡಿಯಿಂದ. ಅಲ್ಲಿ ಪವರ್‌ಲೂಮುಗಳ ಸದ್ದು ಕಡಿಮೆಯಾಗುತ್ತಾ ಬಂತು, ಗೋಡೌನುಗಳು ಎದ್ದವು. ಆನ್‌ಲೈನಿನಲ್ಲಿ ತರಿಸುವ ಸಾಮಾನು ಆ ಗೋಡೌನುಗಳಿಂದ ಹೊರಡುತ್ತದೆ, ಅದಕ್ಕೆ ಪೆಟ್ಟಿಗೆ ಬೇಕು. ಒಂದು ಊರಲ್ಲಿ ಯಾವುದು ಮುಚ್ಚಿತು ಎಂದು ನೋಡುವಾಗ, ಆ ಜಾಗಕ್ಕೆ ಏನು ಬಂತು, ಅದಕ್ಕೆ ಏನು ಬೇಕು ಎಂದೂ ನೋಡಬೇಕು ಅಲ್ವಾ? ನಾನು ಇದನ್ನು ತಡವಾಗಿ ಕಲಿತೆ.

ಕೆಲಸದಲ್ಲಿ ಬೆಳೆಯುವುದಕ್ಕೂ ಇಲ್ಲಿ ಜಾಗ ಇತ್ತು. 2023ರ ಆಗಸ್ಟ್ 1ರಿಂದ ವರ್ಷದ ವಹಿವಾಟು ಐದು ಕೋಟಿ ದಾಟಿದ ಕಂಪನಿಗಳಿಗೂ ಬಿಲ್ಲನ್ನು ಸರಕಾರದ ಪೋರ್ಟಲಿನಲ್ಲಿ ದಾಖಲಿಸುವ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ನಮ್ಮಲ್ಲಿ ಅದನ್ನು ಶುರು ಮಾಡಿದ್ದು ನಾನೇ. ಪೆಟ್ಟಿಗೆಯ ಮೇಲಿನ ಜಿಎಸ್‌ಟಿ 2024ರ ಜುಲೈಯಲ್ಲಿ 18ರಿಂದ 12ಕ್ಕೆ, 2025ರ ಸೆಪ್ಟೆಂಬರಿನಲ್ಲಿ 5ಕ್ಕೆ ಇಳಿಯಿತು. ಎರಡೂ ಸಲ ರಾತ್ರಿ ಕೂತು ಎಲ್ಲ ದರ ಬದಲಾಯಿಸಿದೆ.

2024ರ ಮೇ 23ರ ಮಧ್ಯಾಹ್ನ ನಾನು ಆಫೀಸಿನಲ್ಲೇ ಇದ್ದೆ. ಊಟದ ಡಬ್ಬಿ ತೆರೆದಿದ್ದೆವು. ಫೇಸ್ ಎರಡರ ಒಂದು ರಾಸಾಯನಿಕ ಕಾರ್ಖಾನೆ ಸಿಡಿಯಿತು. ನಮ್ಮ ಕಿಟಕಿಯ ಗಾಜು ಟೇಬಲಿನ ಮೇಲೆ ಬಿತ್ತು. ಹತ್ತಕ್ಕೂ ಜಾಸ್ತಿ ಜನ ಸತ್ತರು. 2016ರ ಮೇ ತಿಂಗಳಲ್ಲೂ ಹೀಗೇ ಆಗಿತ್ತು, ಆಗ ನಾನಿನ್ನೂ ಕಾಲೇಜು ಸೇರಿರಲಿಲ್ಲ. 2020ರ ಫೆಬ್ರವರಿಯಲ್ಲಿ ಕಾರ್ಖಾನೆಗಳ ರಾಸಾಯನಿಕದಿಂದ ಎಂಐಡಿಸಿಯ ಒಂದು ರಸ್ತೆಯೇ ಗುಲಾಬಿ ಬಣ್ಣವಾಗಿತ್ತು. ಅಪಾಯದ ಕಾರ್ಖಾನೆಗಳನ್ನು ಪಾತಾಳಗಂಗಾ ಕಡೆಗೆ ಸಾಗಿಸುವ ಮಾತು ಮತ್ತೆ ಮತ್ತೆ ಬರುತ್ತದೆ. ಅವು ಮನೆಗಳ ನಡುವೆ ಇರಬಾರದು, ನನಗೆ ಇದರಲ್ಲಿ ಅನುಮಾನವಿಲ್ಲ. ಆದರೆ ಅಲ್ಲಿ ದುಡಿಯುವವರ ಮನೆಗಳನ್ನು ಯಾರು ಸಾಗಿಸುತ್ತಾರೆ? ಅವರ ಮಕ್ಕಳೂ ಇಲ್ಲೇ ಟಿ.ವೈ. ಓದುತ್ತಿದ್ದಾರೆ.

ಈ ವರ್ಷ ಕೆಳಗಿನ ಮನೆಯ ಹುಡುಗಿಯ ರಿಸಲ್ಟ್ ಬಂತು. ಅವಳ ಅಪ್ಪ ವಿಜಯಪುರದ ಕಡೆಯವರು, ಬಿಲ್ಡಿಂಗ್ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಅವಳೂ ಮೊಬೈಲ್ ಹಿಡಿದು ಫೋನ್ ಕಾಯುತ್ತಾ ಕೂತಿದ್ದಳು. ಮೂರು ತಿಂಗಳಿಂದ ಭಾನುವಾರ ಸಂಜೆ ಅವಳಿಗೆ ಟ್ಯಾಲಿ ಹೇಳಿಕೊಡುತ್ತಿದ್ದೇನೆ, 2ಬಿ ಮ್ಯಾಚ್ ಮಾಡಲು ಕಲಿತಿದ್ದಾಳೆ. ಮೊನ್ನೆ ಅಪ್ಪ ಹೊಸ ಕಾಲನಿರ್ಣಯದ ಹಾಳೆ ಕಿತ್ತು ಮತ್ತೆ ನಕ್ಷೆ ಬರೆದರು. ಕೆಂಪು ಗೆರೆ ಈ ಸಲ ಜಾಸ್ತಿ ಇವೆ. ಬರೆಯುವ ಮೊದಲು ಎರಡು ದಿನ ಅವರೇ ಗಲ್ಲಿ ಗಲ್ಲಿ ನಡೆದು ನೋಡಿ ಬಂದಿದ್ದರು. 22ಕ್ಕೆ ನಾನು ಅರ್ಧ ದಿನ ರಜೆ ಹಾಕಿ ಅವಳ ಜೊತೆ ಹೋಗುತ್ತಿದ್ದೇನೆ. ಅಂದು ಶುಕ್ರವಾರ ಅಲ್ಲ, ಅಪ್ಪನೇ ನೋಡಿ ಹೇಳಿದ್ದಾರೆ.